ಮೂರು ವರ್ಷದ ವಾರಂಟಿ, ಹದಿನೈದು ವರ್ಷದ ಕಾರು

2015ರ ಆಗಸ್ಟ್‌ನಲ್ಲಿ ಗ್ರಾಹಕರೊಬ್ಬರು ಹ್ಯೂಂಡೈ ಕ್ರೆಟಾ ಕೊಂಡರು. ಏರ್‌ಬ್ಯಾಗ್ ಮುಂತಾದ ಸುರಕ್ಷತಾ ಸೌಲಭ್ಯಗಳನ್ನು ನೋಡಿಯೇ ಆ ಮಾದರಿಯನ್ನು ಆರಿಸಿದ್ದರು. 2017ರ ನವೆಂಬರ್ 16ರಂದು ದೆಹಲಿ–ಪಾಣಿಪತ್ ಹೆದ್ದಾರಿಯಲ್ಲಿ ಆ ಕಾರು ಅಪಘಾತಕ್ಕೀಡಾಯಿತು. ಕಾರಿನ ಮುಂಭಾಗ ಜಖಂಗೊಂಡರೂ ಏರ್‌ಬ್ಯಾಗ್ ತೆರೆದುಕೊಳ್ಳಲಿಲ್ಲ. ಮಾಲೀಕರ ತಲೆ, ಎದೆ, ಹಲ್ಲುಗಳಿಗೆ ಪೆಟ್ಟಾಯಿತು. ಅವರು ದೆಹಲಿ ರಾಜ್ಯ ಗ್ರಾಹಕ ಆಯೋಗದ ಮೆಟ್ಟಿಲೇರಿದರು. ಚಿಕಿತ್ಸೆ ಮತ್ತು ಆದಾಯನಷ್ಟಕ್ಕೆ 2 ಲಕ್ಷ ರೂಪಾಯಿ, ಮಾನಸಿಕ ಯಾತನೆಗೆ 50,000, ವ್ಯಾಜ್ಯದ ಖರ್ಚಿಗೆ 50,000 ಕೊಡಬೇಕು, ಜೊತೆಗೆ ಕಾರನ್ನೂ ಬದಲಿಸಿಕೊಡಬೇಕು ಎಂದು ಆಯೋಗ ಆದೇಶಿಸಿತು. ರಾಷ್ಟ್ರೀಯ ಆಯೋಗ ಅದನ್ನು ಎತ್ತಿಹಿಡಿಯಿತು. ಕಂಪನಿ ಸುಪ್ರೀಂ ಕೋರ್ಟಿಗೆ ಹೋಯಿತು.

ಮುಂದಿನಿಂದ ಸಾಕಷ್ಟು ಬಲವಾದ ಹೊಡೆತ ಬಿದ್ದರೆ ಮಾತ್ರ ಏರ್‌ಬ್ಯಾಗ್ ತೆರೆದುಕೊಳ್ಳುತ್ತದೆ ಎಂಬುದು ಕಂಪನಿಯ ವಾದವಾಗಿತ್ತು. 2022ರ ಏಪ್ರಿಲ್ 20ರಂದು ನ್ಯಾಯಮೂರ್ತಿಗಳಾದ ವಿನೀತ್ ಸರನ್ ಮತ್ತು ಅನಿರುದ್ಧ ಬೋಸ್ ಅವರ ಪೀಠ ಈ ವಾದವನ್ನು ಒಪ್ಪಲಿಲ್ಲ. ವೇಗ, ಬಲಗಳ ಸಿದ್ಧಾಂತ ಹಿಡಿದು ಡಿಕ್ಕಿಯ ತೀವ್ರತೆ ಲೆಕ್ಕಹಾಕಲು ಗ್ರಾಹಕನೇನೂ ಭೌತಶಾಸ್ತ್ರದ ಪರಿಣತನಾಗಬೇಕಿಲ್ಲ ಎಂಬ ಅರ್ಥದ ಮಾತನ್ನು ಪೀಠ ಹೇಳಿತು. ಏರ್‌ಬ್ಯಾಗ್ ಇದೆ ಎಂದು ಹೇಳಿ ಕಾರು ಮಾರಿದ ಮೇಲೆ, ಮುಂದಿನಿಂದ ಗುದ್ದಿದಾಗ ಅದು ತೆರೆದುಕೊಳ್ಳುತ್ತದೆಂದು ಕೊಂಡವನು ನಂಬುವುದು ಸಹಜ. ಆ ನಂಬಿಕೆಗೆ ಕಾನೂನಿನ ಬೆಲೆ ಸಿಕ್ಕಿದ್ದು ಈ ತೀರ್ಪಿನ ಮಹತ್ವ.

ಇಲ್ಲಿಗೆ ಬರಲು ದೇಶದ ಕಾರು ಮಾಲೀಕರು ಬಹಳ ದೂರ ನಡೆಯಬೇಕಾಯಿತು. 2006ರಲ್ಲಿ ಮಾರುತಿ ಕಂಪನಿಯ ಪ್ರಕರಣವೊಂದರಲ್ಲಿ ಇದೇ ಸುಪ್ರೀಂ ಕೋರ್ಟ್, ವಾರಂಟಿಯ ಹೊಣೆ ಕೆಟ್ಟ ಭಾಗವನ್ನು ರಿಪೇರಿ ಮಾಡುವುದಕ್ಕೆ ಅಥವಾ ಬದಲಿಸುವುದಕ್ಕೆ ಸೀಮಿತ, ಅದರ ಆಧಾರದಲ್ಲಿ ಇಡೀ ಕಾರನ್ನೇ ಬದಲಿಸಿಕೊಡು ಎನ್ನಲಾಗದು ಎಂದಿತ್ತು. ಕ್ಲಚ್ಚು, ಏಸಿ, ಪವರ್ ವಿಂಡೋ ಮಟ್ಟಿಗೆ ಈ ಮಾತು ಸರಿಯಾಗಿಯೇ ಇದೆ. ಅವು ಕೆಟ್ಟರೆ ಗೊತ್ತಾಗುತ್ತದೆ, ಸರ್ವೀಸ್ ಸೆಂಟರಿಗೆ ಒಯ್ದರೆ ಸರಿಯಾಗುತ್ತವೆ, ಮನೆಯವರಿಗೆ ಒಂದೆರಡು ದಿನದ ತೊಂದರೆ ಅಷ್ಟೆ. ಏರ್‌ಬ್ಯಾಗ್ ಹಾಗಲ್ಲ. ಅದು ಇಡೀ ಆಯುಷ್ಯದಲ್ಲಿ ಕೆಲಸ ಮಾಡುವುದು ಒಂದೇ ಸಲ, ಅದೂ ಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲಿನೊಳಗೆ. ಅಂದು ಕೈಕೊಟ್ಟರೆ, ಆಮೇಲೆ ಹೊಸ ಏರ್‌ಬ್ಯಾಗ್ ಹಾಕಿಕೊಟ್ಟು ಪ್ರಯೋಜನವೇನು?

ಆದರೂ ಭಾರತದಲ್ಲಿ ಮಾರಾಟವಾಗುವ ಕಾರುಗಳ ವಾರಂಟಿ ಪುಸ್ತಿಕೆಗಳು ಈ ಎರಡು ಬಗೆಯ ಭಾಗಗಳನ್ನು ಸಾಮಾನ್ಯವಾಗಿ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಮಾರುತಿ ಸುಜುಕಿ 2024ರ ಜುಲೈನಲ್ಲಿ ತನ್ನ ಮೂಲ ವಾರಂಟಿಯನ್ನು 2 ವರ್ಷ ಅಥವಾ 40,000 ಕಿ.ಮೀ.ನಿಂದ 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು. ಮಾರುಕಟ್ಟೆಯ ರೂಢಿ ಹೆಚ್ಚುಕಡಿಮೆ ಇಷ್ಟೇ. ಅದಕ್ಕಿಂತ ಹೆಚ್ಚು ಬೇಕಾದವರು ದುಡ್ಡು ಕೊಟ್ಟು ವಿಸ್ತರಿತ ವಾರಂಟಿ ಕೊಳ್ಳಬೇಕು. ಬ್ರೇಕ್ ಪ್ಯಾಡ್, ವೈಪರ್ ಬ್ಲೇಡ್‌ನಂಥ ಸವೆಯುವ ಭಾಗಗಳು ಹೊರಗೆ. ಟೈರು, ಬ್ಯಾಟರಿಗಳ ಹೊಣೆ ಅವುಗಳ ತಯಾರಕರದ್ದು. ನೀರು ನುಗ್ಗಿ ಕೆಟ್ಟದ್ದು, ಇಲಿ ಕಡಿದ ವೈರು, ಹೊರಗಿನ ಮೆಕ್ಯಾನಿಕ್ ಕತ್ತರಿಸಿ ಜೋಡಿಸಿದ ವೈರಿಂಗ್, ಇವಕ್ಕೂ ವಾರಂಟಿ ಸಿಗುವುದಿಲ್ಲ. ಅತ್ತ ಮೋಟಾರು ವಾಹನ ಕಾಯ್ದೆಯ ಪ್ರಕಾರ ಹೊಸ ಕಾರಿನ ಆರ್‌ಸಿ 15 ವರ್ಷ ಊರ್ಜಿತ. ಮೊದಲ ಮೂರು ವರ್ಷ ಕಳೆದ ಮೇಲೆ ಉಳಿದ ಹನ್ನೆರಡು ವರ್ಷ ಆ ಕಾರಿನ ಏರ್‌ಬ್ಯಾಗ್, ಸೀಟ್‌ಬೆಲ್ಟ್, ಎಬಿಎಸ್‌ಗಳಿಗೆ ಯಾರು ಜವಾಬ್ದಾರರು? ಸುರಕ್ಷತೆಯ ವಾರಂಟಿ ಕುರಿತ ಚರ್ಚೆಯೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಈ ಸೌಲಭ್ಯಗಳಲ್ಲಿ ಹಲವು ಈಗ ಗ್ರಾಹಕ ಬೇಕೆಂದು ಕೇಳಿ ಹಾಕಿಸಿಕೊಂಡವಲ್ಲ, ಸರ್ಕಾರ ಕಡ್ಡಾಯ ಮಾಡಿದವು. ಚಾಲಕನ ಏರ್‌ಬ್ಯಾಗ್ 2019ರ ಜುಲೈನಿಂದ ಎಲ್ಲ ಕಾರುಗಳಿಗೂ ಕಡ್ಡಾಯ. ಪಕ್ಕದ ಸೀಟಿನದು 2021ರಿಂದ. ಕಾನೂನು ಬೇಕೆಂದು ಹೇಳಿ, ಕಾರಿನ ಬೆಲೆಯಲ್ಲಿ ಅದರ ಹಣವನ್ನೂ ಪಡೆದ ಮೇಲೆ, ಆ ವಸ್ತು ಕಾರು ಓಡುವಷ್ಟು ಕಾಲ ಕೆಲಸ ಮಾಡಬೇಕೆಂದು ಕೇಳುವುದು ದುಬಾರಿ ಬೇಡಿಕೆಯೇನೂ ಅಲ್ಲ.

ಅಮೆರಿಕದಲ್ಲಿ ಈ ವ್ಯತ್ಯಾಸವನ್ನು ಕಂಪನಿಗಳೇ ಸ್ವಲ್ಪಮಟ್ಟಿಗೆ ಒಪ್ಪಿಕೊಂಡಿವೆ. ಅಲ್ಲಿ ಟೊಯೊಟಾದ ಮೂಲ ವಾರಂಟಿ 3 ವರ್ಷ ಅಥವಾ 36,000 ಮೈಲಿಯಾದರೆ, ಸೀಟ್‌ಬೆಲ್ಟ್ ಮತ್ತು ಏರ್‌ಬ್ಯಾಗ್‌ಗಳಿಗೆ ಪ್ರತ್ಯೇಕವಾಗಿ 5 ವರ್ಷ ಅಥವಾ 60,000 ಮೈಲಿ. ಫೋರ್ಡ್ ಮತ್ತು ಟೆಸ್ಲಾ ಕೂಡ ಇವಕ್ಕೆ ಇದೇ ಅವಧಿಯನ್ನು ಬೇರೆಯಾಗಿ ನಮೂದಿಸುತ್ತವೆ. ಕ್ಯಾನ್ಸಸ್ ರಾಜ್ಯ ಇನ್ನೂ ಮುಂದೆ ಹೋಗಿದೆ. ಅಲ್ಲಿ ಮಾರಾಟವಾಗಿ ಅಲ್ಲೇ ನೋಂದಣಿಯಾದ ಕಾರಿನ ಸೀಟ್‌ಬೆಲ್ಟಿಗೆ, ಎಷ್ಟು ಮೈಲಿ ಓಡಿದ್ದರೂ ಸರಿ, 10 ವರ್ಷ ವಾರಂಟಿ ಕೊಡಬೇಕು. ದೊಡ್ಡ ದೊಡ್ಡ ಕಂಪನಿಗಳ ವಾರಂಟಿ ಪುಸ್ತಿಕೆಗಳಲ್ಲಿ ಆ ಒಂದು ರಾಜ್ಯಕ್ಕಾಗಿಯೇ ಒಂದು ಪ್ಯಾರಾ ಅಚ್ಚಾಗಿರುತ್ತದೆ. ಅಮೆರಿಕದ ಮಧ್ಯಭಾಗದ ಒಂದು ಕೃಷಿಪ್ರಧಾನ ರಾಜ್ಯ ಇಷ್ಟನ್ನು ಮಾಡಿಸಬಹುದಾದರೆ ಭಾರತದಷ್ಟು ದೊಡ್ಡ ಮಾರುಕಟ್ಟೆ ಏಕೆ ಕೇಳಬಾರದು?

ಅಮೆರಿಕದ ಕಾನೂನಿನಲ್ಲಿ ವಾರಂಟಿ ಮತ್ತು ರೀಕಾಲ್ (ದೋಷವಿರುವ ಕಾರುಗಳನ್ನು ಕಂಪನಿ ಹಿಂದಕ್ಕೆ ಕರೆಸಿಕೊಳ್ಳುವುದು) ಎರಡು ಬೇರೆ ದಾರಿಗಳು. ವಾರಂಟಿ ಕಂಪನಿ ಬರೆದುಕೊಟ್ಟ ಮಾತು, ಅದಕ್ಕೆ ಗಡುವುಂಟು. ರೀಕಾಲ್ ಕಾನೂನು ಹೊರಿಸಿದ ಹೊಣೆ. 1966ರ ಸಂಚಾರ ಮತ್ತು ವಾಹನ ಸುರಕ್ಷತಾ ಕಾಯ್ದೆ ಅದರ ತಾಯಿಬೇರು. ಸುರಕ್ಷತೆಗೆ ಸಂಬಂಧಿಸಿದ ದೋಷ ಕಂಡುಬಂದರೆ ವಾರಂಟಿ ಮುಗಿದಿದ್ದರೂ ಕಂಪನಿ ಪುಕ್ಕಟೆ ಸರಿಪಡಿಸಬೇಕು. ಹೀಗೆ ಪುಕ್ಕಟೆ ಸರಿಪಡಿಸಬೇಕಾದ ಕಾರಿನ ವಯೋಮಿತಿ ಮೊದಲು 10 ವರ್ಷ ಇತ್ತು, 2015ರಲ್ಲಿ 15 ವರ್ಷಕ್ಕೆ ಏರಿತು.

ಈ ಎರಡು ದಾರಿಗಳ ಗಡಿ ಎಲ್ಲಿದೆ ಎಂಬ ಜಗಳ ಟೆಸ್ಲಾದ ವಿಷಯದಲ್ಲಿ ಚೆನ್ನಾಗಿ ಬಯಲಾಯಿತು. ಹಳೆಯ ಮಾಡೆಲ್ ಎಸ್ ಮತ್ತು ಎಕ್ಸ್ ಕಾರುಗಳ ನಡುವಿನ ದೊಡ್ಡ ಪರದೆಯ ಹಿಂದೆ 8 ಜಿಬಿಯ ಮೆಮೊರಿ ಚಿಪ್ ಇತ್ತು. ಅದರ ಮೇಲೆ ಬರೆದು ಅಳಿಸಿ, ಬರೆದು ಅಳಿಸಿ ಕೆಲವು ವರ್ಷಗಳಲ್ಲಿ ಅದು ಸವೆದುಹೋಗುತ್ತಿತ್ತು. ಆಗ ಪರದೆ ಸತ್ತು, ಹಿಂಬದಿಯ ಕ್ಯಾಮೆರಾ ಕಾಣದಾಗುತ್ತಿತ್ತು, ಗಾಜಿನ ಮಂಜು ತೆಗೆಯುವ ನಿಯಂತ್ರಣವೂ ಕೈತಪ್ಪುತ್ತಿತ್ತು. 2020ರ ನವೆಂಬರ್‌ನಲ್ಲಿ ಕಂಪನಿ ಆ ಭಾಗದ ವಾರಂಟಿಯನ್ನು 8 ವರ್ಷ ಅಥವಾ 1 ಲಕ್ಷ ಮೈಲಿಗೆ ವಿಸ್ತರಿಸಿತು. ಮೇಲ್ನೋಟಕ್ಕೆ ಉದಾರವಾದ ನಡೆ. ಆದರೆ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಸಂಸ್ಥೆ, ಅಂದರೆ ಎನ್‌ಎಚ್‌ಟಿಎಸ್‌ಎ, ಅಷ್ಟಕ್ಕೆ ಒಪ್ಪಲಿಲ್ಲ. 2021ರ ಜನವರಿಯಲ್ಲಿ ಸುಮಾರು 1,58,000 ಕಾರುಗಳನ್ನು ರೀಕಾಲ್ ಮಾಡಿ ಎಂದು ಪತ್ರ ಬರೆಯಿತು. ಇಂಥ ಚಿಪ್ ಕಾರಿನ ಇಡೀ ಆಯುಷ್ಯ ಬಾಳಬೇಕೆಂದು ನಿರೀಕ್ಷಿಸುವುದು ಸರಿಯಲ್ಲ ಎಂದು ಟೆಸ್ಲಾ ಆಕ್ಷೇಪಿಸಿತಾದರೂ ಕೊನೆಗೆ ಸುಮಾರು 1,35,000 ಕಾರುಗಳನ್ನು ಹಿಂದಕ್ಕೆ ಕರೆಯಿತು.

ವಾರಂಟಿ ವಿಸ್ತರಿಸಿದ ಮೇಲೂ ರೀಕಾಲ್ ಯಾಕೆ ಬೇಕಾಯಿತು? ವಿಸ್ತರಿತ ವಾರಂಟಿಯಲ್ಲಿ ಭಾಗ ಕೆಟ್ಟ ಮೇಲೆ ಮಾಲೀಕ ಬರಬೇಕು. ರೀಕಾಲ್‌ನಲ್ಲಿ ಭಾಗ ಕೆಡುವ ಮೊದಲೇ ಕಂಪನಿ ಮಾಲೀಕನನ್ನು ಹುಡುಕಿಕೊಂಡು ಹೋಗಬೇಕು. ಕ್ಯಾಮೆರಾ ಕೆಟ್ಟದ್ದು ಮಗುವೊಂದು ಕಾರಿನ ಹಿಂದೆ ನಿಂತಾಗಲೇ ಗೊತ್ತಾದರೆ ಎಂಟು ವರ್ಷದ ವಾರಂಟಿಯಿಂದ ಯಾರಿಗೂ ಲಾಭವಿಲ್ಲ.

ಸುರಕ್ಷತೆಯ ದೋಷವನ್ನು ಮಾಮೂಲಿ ಸರ್ವೀಸ್ ದೂರಿನಂತೆ ಕಂಡರೆ ಏನಾಗುತ್ತದೆ ಎಂಬುದಕ್ಕೆ ಜನರಲ್ ಮೋಟರ್ಸ್ ಸಾಕ್ಷಿ. ಷೆವರ್ಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಮುಂತಾದ ಕಾರುಗಳ ಇಗ್ನಿಷನ್ ಸ್ವಿಚ್ ಸಡಿಲವಾಗಿತ್ತು. ಕೀ ಗೊಂಚಲಿನ ಭಾರಕ್ಕೋ, ಮೊಣಕಾಲು ತಗುಲಿಯೋ ಅದು ತಾನಾಗಿ ಜಾರಿ, ಓಡುತ್ತಿದ್ದ ಕಾರು ಆಫ್ ಆಗುತ್ತಿತ್ತು. ಕಾರು ಆಫ್ ಆದರೆ ಏರ್‌ಬ್ಯಾಗ್‌ಗೂ ವಿದ್ಯುತ್ ಇಲ್ಲ. ಕಂಪನಿಯೊಳಗೆ ಇದನ್ನು ಗ್ರಾಹಕರ ಅನುಕೂಲದ ವಿಷಯವೆಂದು ವಿಂಗಡಿಸಿದರೇ ಹೊರತು ಸುರಕ್ಷತೆಯದೆಂದು ಕಾಣಲಿಲ್ಲ. 2005ರಲ್ಲಿ ಡೀಲರುಗಳಿಗೆ ಹೋದ ಸೂಚನೆಯಲ್ಲಿ, ಕೀ ಗೊಂಚಲು ಹಗುರ ಮಾಡಿಕೊಳ್ಳಿ ಎಂದು ಗ್ರಾಹಕರಿಗೆ ತಿಳಿಸುವ ಸಲಹೆ ಇತ್ತು. ಆಮೇಲೆ ಸ್ವಿಚ್ಚಿನ ವಿನ್ಯಾಸ ಬದಲಾಯಿತು, ಭಾಗದ ಸಂಖ್ಯೆ ಮಾತ್ರ ಬದಲಾಗಲಿಲ್ಲ. ಹೀಗಾಗಿ ಹಳೆಯದು ಯಾವುದು ಹೊಸದು ಯಾವುದು ಎಂದು ಪತ್ತೆಹಚ್ಚುವುದೇ ಕಷ್ಟವಾಯಿತು. ರೀಕಾಲ್ ಬಂದದ್ದು 2014ರಲ್ಲಿ, ಸುಮಾರು 26 ಲಕ್ಷ ಕಾರುಗಳಿಗೆ. ವಕೀಲ ಕೆನೆತ್ ಫೈನ್‌ಬರ್ಗ್ ನಿರ್ವಹಿಸಿದ ಪರಿಹಾರ ನಿಧಿ ಈ ದೋಷಕ್ಕೆ ಸಂಬಂಧಿಸಿದ 124 ಸಾವುಗಳನ್ನು ಅಂಗೀಕರಿಸಿತು. ಅಮೆರಿಕದ ಸಂಸತ್ತಿನ ವಿಚಾರಣೆಯಲ್ಲಿ ಬದಲಿ ಭಾಗದ ಬೆಲೆ 57 ಸೆಂಟ್ ಎಂಬ ಮಾತು ಬಂತು.

ಟಕಾಟಾ ಕಥೆ ಇನ್ನೂ ದೊಡ್ಡದು, ಭಾರತಕ್ಕೆ ಹೆಚ್ಚು ಹತ್ತಿರದ್ದು. ಜಪಾನಿನ ಈ ಕಂಪನಿ ತನ್ನ ಏರ್‌ಬ್ಯಾಗ್‌ಗಳನ್ನು ಉಬ್ಬಿಸಲು ಅಮೋನಿಯಂ ನೈಟ್ರೇಟ್ ಬಳಸಿತ್ತು. ಅಗ್ಗದ ವಸ್ತು, ಆದರೆ ತೇವಕ್ಕೆ ಸೂಕ್ಷ್ಮ. ವರ್ಷಗಟ್ಟಲೆ ಬಿಸಿಲು, ಸೆಕೆ, ಹಗಲು–ರಾತ್ರಿಯ ತಾಪದ ಏರಿಳಿತಕ್ಕೆ ಸಿಕ್ಕಿ ಅದರ ಬಿಲ್ಲೆಗಳು ಹದಗೆಡುತ್ತಿದ್ದವು. ಆಮೇಲೆ ಒಂದು ದಿನ ಅಪಘಾತವಾದಾಗ ಮಿತಿಮೀರಿದ ವೇಗದಲ್ಲಿ ಉರಿದು, ಇನ್‌ಫ್ಲೇಟರ್ ಎಂಬ ಲೋಹದ ಡಬ್ಬಿಯೇ ಸಿಡಿದು ಚೂರುಗಳು ಕಾರಿನಲ್ಲಿದ್ದವರ ಕುತ್ತಿಗೆ, ಮುಖಕ್ಕೆ ನುಗ್ಗುತ್ತಿದ್ದವು. ಕಾಪಾಡಬೇಕಾದದ್ದೇ ಕೊಂದಿತು. ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರ್‌ಗಳು ರೀಕಾಲ್‌ಗೆ ಒಳಗಾದವು. 2017ರ ಜನವರಿಯಲ್ಲಿ ಕಂಪನಿ ಅಲ್ಲಿ ತಪ್ಪೊಪ್ಪಿಕೊಂಡು 100 ಕೋಟಿ ಡಾಲರ್ ದಂಡ ಮತ್ತು ಪರಿಹಾರ ಕಟ್ಟಲು ಒಪ್ಪಿತು. ಅದೇ ವರ್ಷದ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು.

ಇಲ್ಲಿ ಗಮನಿಸಬೇಕಾದದ್ದು ಕಾಲದ ಲೆಕ್ಕ. ಈ ದೋಷ ಹೊಸ ಕಾರಿನಲ್ಲಿ ಕಾಣುವಂಥದ್ದಲ್ಲ. ಕಾರು ಹಳತಾದಷ್ಟೂ, ಊರು ಸೆಕೆಯದಾದಷ್ಟೂ ಅಪಾಯ ಹೆಚ್ಚು. ಅಮೆರಿಕದಲ್ಲಿ ಫ್ಲಾರಿಡಾ ಮತ್ತು ಮೆಕ್ಸಿಕೋ ಕೊಲ್ಲಿಯ ದಂಡೆಯ ರಾಜ್ಯಗಳಿಗೆ ಮೊದಲ ಆದ್ಯತೆ ಕೊಟ್ಟದ್ದು ಅದಕ್ಕೇ. ಮಲೇಷ್ಯಾದಲ್ಲಿ ಹಲವು ಸಾವುಗಳಾದವು. ಮಂಗಳೂರು, ಉಡುಪಿ, ಕಾರವಾರಗಳ ಹವೆ ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮೂರು ವರ್ಷದ ವಾರಂಟಿ ಇಂಥ ದೋಷದ ಹತ್ತಿರಕ್ಕೂ ಸುಳಿಯದು. ಭಾರತದಲ್ಲಿಯೂ ಹೋಂಡಾ ಮುಂತಾದ ಕಂಪನಿಗಳು ಹಳೆಯ ಕಾರುಗಳ ಟಕಾಟಾ ಇನ್‌ಫ್ಲೇಟರ್‌ಗಳನ್ನು ಪುಕ್ಕಟೆ ಬದಲಿಸಿಕೊಟ್ಟವು. ಆಸ್ಟ್ರೇಲಿಯಾ ಮಾತ್ರ ಕಂಪನಿಗಳ ಒಳ್ಳೆಯತನವನ್ನು ನೆಚ್ಚಿ ಕೂರದೆ 2018ರ ಫೆಬ್ರವರಿಯಲ್ಲಿ ಗ್ರಾಹಕ ಕಾನೂನಿನಡಿ ಕಡ್ಡಾಯ ರೀಕಾಲ್ ಹೊರಡಿಸಿ, 2020ರ ಡಿಸೆಂಬರ್ ಕೊನೆಯನ್ನು ಗಡುವಾಗಿ ಇಟ್ಟಿತು. ಸುಮಾರು 30 ಲಕ್ಷ ವಾಹನಗಳ ಆ ಕೆಲಸ ಬಹುಮಟ್ಟಿಗೆ ಮುಗಿಯಿತು.

ಭಾರತದಲ್ಲಿ ರೀಕಾಲ್ ಬಹುಕಾಲ ಕಂಪನಿಗಳ ಇಷ್ಟಕ್ಕೆ ಬಿಟ್ಟ ಸಂಗತಿಯಾಗಿತ್ತು. 2012ರ ಜುಲೈನಲ್ಲಿ ವಾಹನ ತಯಾರಕರ ಸಂಘ ಸಿಯಾಮ್ ಸ್ವಯಂಪ್ರೇರಿತ ರೀಕಾಲ್ ಸಂಹಿತೆ ತಂದಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 110ಎ ಕಲಂ ಸೇರಿದ ಮೇಲೆ ಸರ್ಕಾರವೇ ರೀಕಾಲ್‌ಗೆ ಆದೇಶಿಸಬಹುದಾಯಿತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಪರಿವಾಹನ್ ಜಾಲತಾಣದಲ್ಲಿ ಮಾಲೀಕರು ದೂರು ದಾಖಲಿಸಬಹುದು. ಆದರೆ ಪ್ರಕ್ರಿಯೆ ಶುರುವಾಗಲು ಬೇಕಾದ ದೂರುಗಳ ಸಂಖ್ಯೆ ನೋಡಿದರೆ ಎದೆ ಕುಸಿಯುತ್ತದೆ: ವರ್ಷಕ್ಕೆ 10,000ಕ್ಕಿಂತ ಹೆಚ್ಚು ಮಾರಾಟವಾಗುವ ಕಾರಿನ ಮಾದರಿಯಾದರೆ 1,250 ದೂರು. ಅದೂ ಏಳು ವರ್ಷದೊಳಗಿನ ವಾಹನಗಳಿಗೆ ಮಾತ್ರ.

ಪವರ್ ವಿಂಡೋ ಕೆಟ್ಟರೆ ಸಾವಿರ ಜನ ದೂರು ಕೊಟ್ಟಾರು. ಏರ್‌ಬ್ಯಾಗ್ ತೆರೆದುಕೊಳ್ಳದ ದೂರು ಬರಬೇಕಾದರೆ ಒಂದೊಂದು ದೂರಿನ ಹಿಂದೆಯೂ ಒಂದು ಅಪಘಾತ ಆಗಿರಬೇಕು. ಸಾವಿರದಿನ್ನೂರೈವತ್ತು ಅಪಘಾತಗಳಿಗೆ ಕಾಯುವ ನಿಯಮ ಸುರಕ್ಷತಾ ಸೌಲಭ್ಯಗಳ ಮಟ್ಟಿಗೆ ನಿಯಮವೇ ಅಲ್ಲ. ಏರ್‌ಬ್ಯಾಗ್, ಸೀಟ್‌ಬೆಲ್ಟ್, ಬ್ರೇಕ್, ಸ್ಟೀರಿಂಗ್‌ಗಳಿಗೆ ಬೇರೆಯದೇ ಅಳತೆ ಬೇಕು. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಅಂಥ ಭೇದ ಇದೆ. ಹೊಸ ಕಾರಿನ ದೋಷ ಪ್ರಾಣಾಪಾಯ ತರುವಂಥದ್ದಾದರೆ ಎರಡು ಸಲ ರಿಪೇರಿಗೆ ಯತ್ನಿಸಿ ಸೋತರೂ ಸಾಕು, ಕಾರು ಬದಲಿಸಿ ಅಥವಾ ಹಣ ಹಿಂದಿರುಗಿಸಿ ಎಂದು ಕೇಳುವ ಹಕ್ಕು ಹುಟ್ಟುತ್ತದೆ. ಉಳಿದ ದೋಷಗಳಿಗೆ ನಾಲ್ಕು ಸಲ.

ಹಾಗೆಂದು ಭಾರತದ ಕಂಪನಿಗಳು ಸುಮ್ಮನೆ ಕೂತಿವೆ ಎಂದರೆ ಅನ್ಯಾಯವಾದೀತು. 2023ರ ಜನವರಿಯಲ್ಲಿ ಮಾರುತಿ 17,362 ಕಾರುಗಳನ್ನು ಏರ್‌ಬ್ಯಾಗ್ ಕಂಟ್ರೋಲರ್ ಪರೀಕ್ಷೆಗೆಂದು ಕರೆಯಿತು. ಅವು 2022ರ ಡಿಸೆಂಬರ್ 8ರಿಂದ 2023ರ ಜನವರಿ 12ರ ನಡುವೆ ತಯಾರಾದವು. ಅಂದರೆ ಕೊನೆಯ ಕಾರು ಕಾರ್ಖಾನೆಯಿಂದ ಹೊರಬಿದ್ದ ಕೆಲವೇ ದಿನಗಳಲ್ಲಿ ದೋಷ ಗೊತ್ತಾಗಿತ್ತು. ಅದೇ ಕಾರಣಕ್ಕೆ ಟೊಯೊಟಾ ಕಿರ್ಲೋಸ್ಕರ್ 1,390 ಗ್ಲ್ಯಾನ್ಸಾ ಮತ್ತು ಹೈರೈಡರ್‌ಗಳನ್ನು ಕರೆಯಿತು. ಅದೇ ತಿಂಗಳು ಹಿಂಬದಿ ಸೀಟ್‌ಬೆಲ್ಟ್ ಕೂರಿಸುವ ಬ್ರಾಕೆಟ್‌ಗಾಗಿ 11,177 ಗ್ರ್ಯಾಂಡ್ ವಿಟಾರಾಗಳು ಹಿಂದಕ್ಕೆ ಬಂದವು. ಇವು ತಯಾರಾದದ್ದು ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ. ಕಂಟ್ರೋಲರ್ ಬದಲಿಸುವವರೆಗೆ ಕಾರು ಓಡಿಸಬೇಡಿ ಎಂದು ಮಾರುತಿ ಗ್ರಾಹಕರಿಗೆ ಹೇಳಿದ್ದು ಪ್ರಾಮಾಣಿಕ ಎಚ್ಚರಿಕೆ. ಆದರೆ ಹಾಗೆ ಕಾರು ನಿಂತ ದಿನಗಳಲ್ಲಿ ಕೆಲಸಕ್ಕೆ, ಆಸ್ಪತ್ರೆಗೆ ಹೋಗುವ ಖರ್ಚು ಯಾರದ್ದು ಎಂಬುದಕ್ಕೆ ಮೂಲ ವಾರಂಟಿಯಲ್ಲಿ ಸಾಮಾನ್ಯವಾಗಿ ಉತ್ತರ ಸಿಗದು. ಬದಲಿ ಕಾರು ಕೊಡುವ ಹೊಣೆ ನಿಯಮದಲ್ಲೇ ಬರಬೇಕು.

ರೀಕಾಲ್ ಆಗದ ಕಾರಿನ ಮಾಲೀಕನಿಗೆ ಉಳಿಯುವುದು ಗ್ರಾಹಕ ಆಯೋಗ. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಗೆ ಒಂದು ಅಧ್ಯಾಯವೇ ಇದೆ. ತಯಾರಿಕೆಯ ದೋಷ, ವಿನ್ಯಾಸದ ದೋಷ, ಕೊಟ್ಟ ಭರವಸೆಗೆ ತಕ್ಕಂತೆ ಇಲ್ಲದಿರುವುದು, ಸಾಕಷ್ಟು ಎಚ್ಚರಿಕೆ ಕೊಡದಿರುವುದು, ಇವುಗಳಿಂದ ಹಾನಿಯಾದರೆ ತಯಾರಕ ಹೊಣೆ. ಭರವಸೆ ಕೊಡುವಾಗ ತಾನು ಅಜಾಗರೂಕನಾಗಿರಲಿಲ್ಲ ಎಂದು ಸಾಧಿಸಿದರೂ ಬಿಡುಗಡೆಯಿಲ್ಲ. 50 ಲಕ್ಷ ರೂಪಾಯಿವರೆಗಿನ ಖರೀದಿಯ ದೂರು ಜಿಲ್ಲಾ ಆಯೋಗಕ್ಕೇ ಹೋಗುವುದರಿಂದ ಸಾಮಾನ್ಯ ಕಾರುಗಳವರು ರಾಜಧಾನಿಗೆ ಅಲೆಯಬೇಕಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು.

ಕಷ್ಟವಿರುವುದು ಸಾಕ್ಷ್ಯದಲ್ಲಿ. ಏರ್‌ಬ್ಯಾಗ್ ತೆರೆದುಕೊಳ್ಳದ ಪ್ರತಿಯೊಂದು ಅಪಘಾತವೂ ದೋಷವಲ್ಲ, ಇದನ್ನು ಒಪ್ಪಲೇಬೇಕು. ಹಿಂದಿನಿಂದ ಗುದ್ದಿದಾಗ ಮುಂದಿನ ಏರ್‌ಬ್ಯಾಗ್ ತೆರೆಯುವುದಿಲ್ಲ. ಕಾರು ಲಾರಿಯ ಅಡಿಗೆ ನುಗ್ಗಿದಾಗ ಬಾನೆಟ್ ಮೇಲ್ಭಾಗ ಕಿತ್ತುಹೋದರೂ ಸೆನ್ಸಾರ್‌ಗೆ ತಲುಪುವ ಹೊಡೆತ ಕಡಿಮೆಯಿರಬಹುದು. ಹೊಡೆತ ಎಷ್ಟಿತ್ತು, ಬೆಲ್ಟ್ ಹಾಕಿತ್ತೇ ಎಂಬ ದತ್ತಾಂಶ ಕಾರಿನಲ್ಲೇ ದಾಖಲಾಗಿದ್ದರೂ ಅದನ್ನು ಓದುವ ಉಪಕರಣ ಸಾಮಾನ್ಯವಾಗಿ ಕಂಪನಿಯವರ ಕೈಯಲ್ಲೇ ಇರುತ್ತದೆ. ಆರೋಪಿಯೇ ಸಾಕ್ಷ್ಯ ಓದಿ ಹೇಳುವ ಸ್ಥಿತಿ ಇದು. ಅಮೆರಿಕದಲ್ಲಿ 2015ರಿಂದ ಈ ದತ್ತಾಂಶ ವಾಹನದ ಮಾಲೀಕನ ಸ್ವತ್ತೆಂದು ಕಾನೂನೇ ಹೇಳುತ್ತದೆ. ನಮ್ಮ ಆಯೋಗಗಳಿಗೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರವಿದೆ, ಆದರೆ ಅಷ್ಟರಲ್ಲಿ ಕಾರು ರಿಪೇರಿಯಾಗಿದ್ದರೆ ಪರೀಕ್ಷಿಸಲು ಏನೂ ಉಳಿದಿರುವುದಿಲ್ಲ. ಅಪಘಾತದ ಫೋಟೋ, ಆಸ್ಪತ್ರೆಯ ಕಾಗದ, ವಿಮೆ ಸರ್ವೇಯರ್ ವರದಿ, ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಉರಿಯುತ್ತಿತ್ತೆಂದು ಹಿಂದೆ ಕೊಟ್ಟ ದೂರಿನ ಜಾಬ್ ಕಾರ್ಡ್, ಇವಿಷ್ಟನ್ನು ಜೋಪಾನ ಮಾಡಿದವರ ದೂರು ನಿಲ್ಲುತ್ತದೆ. ಕ್ರೆಟಾ ಪ್ರಕರಣದಲ್ಲೂ ಫೋಟೋಗಳು ಮಾತಾಡಿದ್ದವು.

ಕಂಪನಿಗಳಿಗೆ ಸಿಗುವ ಬಲವಾದ ಎದುರುವಾದವೆಂದರೆ, ಮಾಲೀಕನೇ ಕಾರನ್ನು ಮಾರ್ಪಡಿಸಿದ್ದಾನೆ ಎಂಬುದು. ಮುಂದೆ ಹಾಕುವ ಕಬ್ಬಿಣದ ಬುಲ್ ಗಾರ್ಡ್ ಸೆನ್ಸಾರ್‌ಗೆ ಹೊಡೆತ ತಲುಪುವ ರೀತಿಯನ್ನೇ ಬದಲಿಸುತ್ತದೆ. ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಅದನ್ನು ನಿಷೇಧಿಸಲು ರಾಜ್ಯಗಳಿಗೆ ಬರೆಯಿತು. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಬಿಗಿಯಾದ ಸೀಟ್ ಕವರ್ ಹೊಲಿಸಿದರೆ ಅದು ಹೊರಬರಲು ದಾರಿಯಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಆಕ್ಸೆಸರಿ ಅಂಗಡಿಯಲ್ಲಿ ಹಾಕಿಸಿಕೊಂಡದ್ದಾದರೆ ತಪ್ಪು ಮಾಲೀಕನ ತಲೆಗೆ ಬರುತ್ತದೆ. ಅದೇ ಕವರನ್ನು, ಗಾರ್ಡನ್ನು ಶೋರೂಮಿನವರೇ ಕಾರಿನ ಜೊತೆ ಮಾರಿದ್ದರೆ? ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೇ ಕಲಂ ಪ್ರಕಾರ ಉತ್ಪನ್ನವನ್ನು ಮಾರ್ಪಡಿಸಿ, ಆ ಮಾರ್ಪಾಡೇ ಹಾನಿಗೆ ಮುಖ್ಯ ಕಾರಣವಾದರೆ ಮಾರಾಟಗಾರನೂ ಹೊಣೆ. ಕಾರು ಕೊಳ್ಳುವವರು ಆಕ್ಸೆಸರಿ ಬಿಲ್ಲನ್ನು ಎಸೆಯದಿರಲು ಇದೊಂದೇ ಕಾರಣ ಸಾಕು.

ಒಮ್ಮೆ ತೆರೆದುಕೊಂಡ ಏರ್‌ಬ್ಯಾಗ್‌ನ ಕಥೆ ಬೇರೆ. ಅಪಘಾತದ ಹಾನಿಗೆ ವಾರಂಟಿ ಇಲ್ಲ, ವಿಮೆಯೇ ಗತಿ. ಭಾರತದ ಮೋಟಾರು ವಿಮೆಯಲ್ಲಿ ಏರ್‌ಬ್ಯಾಗ್‌ಗಳನ್ನು ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳು, ಟೈರು, ಬ್ಯಾಟರಿಗಳ ಸಾಲಿಗೆ ಸೇರಿಸಿ ಶೇ 50 ಸವಕಳಿ ಕಳೆಯುತ್ತಾರೆ. ಸವಕಳಿ ಕಳೆಯದ ಜೀರೋ ಡೆಪ್ ಪಾಲಿಸಿ ಇಲ್ಲದವರು ಅರ್ಧ ಖರ್ಚು ಕೈಯಿಂದ ಹಾಕಬೇಕು. ಹಳೆಯ ಕಾರಿನ ಮಾಲೀಕ ಅಗ್ಗದ ದಾರಿ ಹುಡುಕುವುದು ಇಲ್ಲಿಯೇ. 2024ರಲ್ಲಿ ದೆಹಲಿ ಪೊಲೀಸರು ಹೆಸರಾಂತ ಕಂಪನಿಗಳ ಮುದ್ರೆಯ ನಕಲಿ ಏರ್‌ಬ್ಯಾಗ್ ತಯಾರಿಸುತ್ತಿದ್ದವರನ್ನು ಹಿಡಿದರು. ಪ್ರಾಣ ಉಳಿಸಿದ ಭಾಗಕ್ಕೆ ಟೈರಿನ ಸವಕಳಿ ಲೆಕ್ಕ ಹಾಕುವ ಈ ಪದ್ಧತಿಯನ್ನು ವಿಮಾ ನಿಯಂತ್ರಕರು ಕೈಬಿಡಬೇಕು.

ಮುಂದಿನ ತಗಾದೆಗಳು ಕ್ಯಾಮೆರಾ, ರಾಡಾರ್‌ಗಳ ಸುತ್ತ ಹುಟ್ಟಲಿವೆ. ತಾನಾಗಿ ಬ್ರೇಕ್ ಹಾಕುವ, ಲೇನ್ ತಪ್ಪದಂತೆ ನೋಡಿಕೊಳ್ಳುವ ಅಡಾಸ್ ವ್ಯವಸ್ಥೆ 2021ರಲ್ಲಿ ಬಂದ ಮಹೀಂದ್ರಾ ಎಕ್ಸ್‌ಯುವಿ700ರಂಥ ಕಾರುಗಳೊಂದಿಗೆ ನಮ್ಮ ರಸ್ತೆಗೂ ಇಳಿದಿದೆ. ಏರ್‌ಬ್ಯಾಗ್ ತೆರೆಯದಿದ್ದರೆ ತಪ್ಪು. ಅಡಾಸ್ ಬೇಡದಾಗ ಬ್ರೇಕ್ ಹಾಕಿದರೂ ತಪ್ಪು. ಎದುರಿಗೆ ಏನೂ ಇಲ್ಲದೆ ಕಾರು ತಾನೇ ಬ್ರೇಕ್ ಹಾಕುತ್ತದೆಂಬ ದೂರುಗಳ ಮೇಲೆ ಎನ್‌ಎಚ್‌ಟಿಎಸ್‌ಎ 2022ರ ಫೆಬ್ರವರಿಯಲ್ಲಿ ಟೆಸ್ಲಾದ ಸುಮಾರು 4,16,000 ಮತ್ತು ಹೋಂಡಾದ ಸುಮಾರು 17 ಲಕ್ಷ ಕಾರುಗಳ ಬಗ್ಗೆ ತನಿಖೆ ಆರಂಭಿಸಿತು. ಸರ್ವೀಸ್ ಸೆಂಟರಿಗೆ ಒಯ್ದಾಗ ಕಂಪ್ಯೂಟರಿನಲ್ಲಿ ಯಾವ ದೋಷದ ಕೋಡೂ ಕಾಣದೆ, ಕಾರು ಸರಿಯಾಗಿದೆ ಎಂಬ ಉತ್ತರ ಸಿಗಬಹುದು. ಭಾಗ ಕೆಟ್ಟಿದೆ ಎಂದು ತೋರಿಸಿದರೆ ತಾನೇ ವಾರಂಟಿ.

ಅಡಾಸ್‌ನ ಕ್ಯಾಮೆರಾ ಸಾಮಾನ್ಯವಾಗಿ ಮುಂಗಾಜಿಗೆ ಅಂಟಿಕೊಂಡಿರುತ್ತದೆ. ಹೆದ್ದಾರಿಯಲ್ಲಿ ಕಲ್ಲು ಸಿಡಿದು ಗಾಜು ಒಡೆದು, ಹೊಸ ಗಾಜು ಕೂರಿಸಿದ ಮೇಲೆ ಕ್ಯಾಮೆರಾವನ್ನು ಮತ್ತೆ ಅಳತೆಗೆ ಹೊಂದಿಸಬೇಕು. ಕೂದಲೆಳೆಯಷ್ಟು ವಾಲಿದರೂ ದೂರದ ವಾಹನ ಇರುವ ಜಾಗ ಅದಕ್ಕೆ ತಪ್ಪಾಗಿ ಕಾಣುತ್ತದೆ. ಗಾಜು ಹಾಕಿದ ಅಂಗಡಿ, ಹಣ ಕೊಟ್ಟ ವಿಮಾ ಕಂಪನಿ, ಕಾರು ಮಾಡಿದ ಕಂಪನಿ ಈ ಮೂವರಲ್ಲಿ ಆ ಹೊಂದಾಣಿಕೆಯ ಹೊಣೆ ಯಾರದ್ದು ಎಂದು ವಿಮೆ ಪಾಲಿಸಿಯಲ್ಲೂ ವಾರಂಟಿ ಪುಸ್ತಿಕೆಯಲ್ಲೂ ಸ್ಪಷ್ಟವಾಗಿ ಬರೆಸಿಕೊಳ್ಳುವ ಕೆಲಸ ಸಾರಿಗೆ ಸಚಿವಾಲಯದ್ದು ಮತ್ತು ವಿಮಾ ನಿಯಂತ್ರಕರದ್ದು. ಅಂಥ ಕಾರುಗಳ ಮೂರು ವರ್ಷದ ವಾರಂಟಿ ಒಂದೊಂದಾಗಿ ಮುಗಿಯುತ್ತಿದೆ.